ಕಲಬುರಗಿಯಲ್ಲಿ ಮನೆ: ರಿಂಗ್ ರಸ್ತೆಯ ಹೊರಗೋ, ಒಳಗೋ?

ಪ್ರಶ್ನೆ: ನಾನು ಶಹಾಪುರದಲ್ಲಿ ಪ್ರೌಢಶಾಲಾ ಶಿಕ್ಷಕನಾಗಿದ್ದು ಈಗ ನಿವೃತ್ತ. ವಯಸ್ಸು 61. ಮೊಣಕಾಲು ಸವೆದಿದೆ, ಸ್ಕೂಟರ್ ಬಿಟ್ಟು ನಡೆಯಿರಿ ಎನ್ನುತ್ತಾರೆ ವೈದ್ಯರು. ಮನೆಯವರಿಗೆ ಯಾವ ವಾಹನವೂ ಬರುವುದಿಲ್ಲ. ಮಗಳು ಬೆಂಗಳೂರಿನಲ್ಲಿದ್ದಾಳೆ. ದೊಡ್ಡ ಆಸ್ಪತ್ರೆಯೂ ರೈಲೂ ಇರುವ ಕಲಬುರಗಿಯಲ್ಲಿ ಮನೆ ಕೊಂಡು, ದಿನದ ಕೆಲಸಗಳನ್ನು ನಡೆದೇ ಮುಗಿಸುವಂತೆ ಇರಬೇಕೆಂದು ಆಸೆ. ಮೂರು ಮನೆ ನೋಡಿದ್ದೇವೆ. ಒಂದು, ರಿಂಗ್ ರಸ್ತೆ ದಾಟಿದ ಮೇಲೆ ಹೊಸ ಲೇಔಟ್‌ನಲ್ಲಿ ಕಟ್ಟಿದ ಹೊಸ ಮನೆ, 54 ಲಕ್ಷ. ಎರಡು, ಬ್ರಹ್ಮಪುರದ ಓಣಿಯಲ್ಲಿ ಹಳೆಯ ಕಲ್ಲಿನ ಮನೆ, 50 ಲಕ್ಷ. ಮೂರು, ಜಯನಗರದ ಕಡೆ ಇಪ್ಪತ್ತೈದು ವರ್ಷ ಹಳೆಯ ಮನೆ, 58 ಲಕ್ಷ, ಗೋಡೆಯಲ್ಲಿ ಬಿರುಕಿದೆ. ಯಾವುದನ್ನು ಕೊಳ್ಳಲಿ? ಇದಕ್ಕಾಗಿ ಶಹಾಪುರದ ಮನೆಯನ್ನು ಮಾರಬೇಕೇ?

ಉತ್ತರ: ಗುರುಗಳೇ, ನೀವು ಬರೆದದ್ದನ್ನು ನೋಡಿದರೆ ಮೂರನೆಯ ಮನೆಯೇ ನಿಮಗೆ ಹೊಂದುವಂತಿದೆ. ಆದರೆ ಆ ಬಿರುಕಿನ ಜಾತಕ ತಿಳಿಯುವವರೆಗೆ ಒಂದು ರೂಪಾಯಿ ಸಂಚಕಾರವನ್ನೂ ಕೊಡಬೇಡಿ. ಮೊದಲನೆಯದನ್ನು ಈಗಲೇ ಕೈಬಿಡಿ. ಎರಡನೆಯದು ಮನಸ್ಸಿಗೆ ಹಿಡಿಸುವ ಮನೆ. ಅದಕ್ಕೇ ಅಲ್ಲಿ ಹೆಚ್ಚು ಎಚ್ಚರ ಬೇಕು.

ಹೊಸ ಲೇಔಟ್ ಬೇಡ ಎಂದರೆ ಹಲವರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ರಸ್ತೆ ನೇರ, ಅಗಲ, ಕಸವಿಲ್ಲ, ಗದ್ದಲವಿಲ್ಲ. ನಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು ಎಂದು ಕೇಳುತ್ತಾರೆ. ಬೆಳಗಿನ ವಾಯುವಿಹಾರಕ್ಕಾದರೆ ಸರಿ. ನೀವು ಕೇಳುತ್ತಿರುವುದು ಅದಲ್ಲ. ಹಾಲು, ತರಕಾರಿ, ಮಾತ್ರೆ, ಕಿರಾಣಿ, ಗುಡಿ, ಗಿರಣಿ ಇವಕ್ಕೆಲ್ಲ ಕಾಲಿನ ಮೇಲೆಯೇ ಹೋಗಿ ಬರಬೇಕು. ರಿಂಗ್ ರಸ್ತೆಯ ಹೊರಗಿನ ಎಷ್ಟೋ ಲೇಔಟ್‌ಗಳಲ್ಲಿ ಪ್ಲಾಟುಗಳೆಲ್ಲ ಮಾರಾಟವಾಗಿವೆ, ಮನೆಗಳು ಮಾತ್ರ ಎದ್ದಿಲ್ಲ. ಕೊಂಡವರು ಹಣ ಹೂಡಿ ಬೆಲೆ ಏರಲೆಂದು ಕಾಯುತ್ತಿರುತ್ತಾರೆ. ಮನೆಯಿಲ್ಲದ ಕಡೆ ಗಿರಾಕಿಯಿಲ್ಲ, ಗಿರಾಕಿಯಿಲ್ಲದ ಕಡೆ ಕಿರಾಣಿ ಅಂಗಡಿ ನಿಲ್ಲುವುದಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದ್ದರೆ ನಕ್ಷೆಯಲ್ಲಿ ಉದ್ಯಾನ, ನಾಗರಿಕ ಸೌಲಭ್ಯದ ಜಾಗ, ರಸ್ತೆಯ ಅಗಲ ಎಲ್ಲವೂ ಇರುತ್ತವೆ. ಹಾಲಿನ ಅಂಗಡಿ ಯಾವ ನಕ್ಷೆಯಿಂದಲೂ ಹುಟ್ಟುವುದಿಲ್ಲ. ಅಂಥ ಲೇಔಟ್ ತುಂಬಿಕೊಳ್ಳಲು ಹತ್ತು ಹದಿನೈದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಮೂವತ್ತರ ವಯಸ್ಸಿನವರು ಕಾಯಬಹುದು. ನೀವೇಕೆ ಕಾಯಬೇಕು?

ಇನ್ನು ರಿಂಗ್ ರಸ್ತೆಯನ್ನೇ ದಾಟುವ ಮಾತು. ದಲ್ಲಾಳಿ ‘ಸೂಪರ್ ಮಾರ್ಕೆಟ್ ಹತ್ತೇ ನಿಮಿಷ’ ಎಂದಿರಬೇಕಲ್ಲವೇ? ಅದು ಬೈಕಿನ ಹತ್ತು ನಿಮಿಷ, ಅದೂ ಬೆಳಗಿನ ಆರು ಗಂಟೆಯ ಲೆಕ್ಕ. ಸಿಮೆಂಟ್ ಲಾರಿಗಳು ಓಡುವ ರಸ್ತೆಯನ್ನು ಸಂಜೆ ಏಳಕ್ಕೆ, ಕೈಯಲ್ಲಿ ಚೀಲ ಹಿಡಿದು, ನೋಯುವ ಮೊಣಕಾಲಿನಲ್ಲಿ ಒಮ್ಮೆ ದಾಟಿ ನೋಡಿ. ಬೇರೆ ವಾದ ಬೇಕಾಗುವುದಿಲ್ಲ.

ದೂರವನ್ನು ನಿಮ್ಮ ಹೆಜ್ಜೆಯಲ್ಲೇ ಅಳೆಯಬೇಕು. ಆರೋಗ್ಯವಂತರು ನಿಮಿಷಕ್ಕೆ 80 ಮೀಟರ್ ನಡೆಯುತ್ತಾರೆ. ಮೊಬೈಲ್ ನಕ್ಷೆ ತೋರಿಸುವ ಸಮಯವೂ ಹೆಚ್ಚುಕಡಿಮೆ ಅದೇ ವೇಗದ್ದು. ಮೊಣಕಾಲು ನೋವಿನವರಿಗೆ 50 ಮೀಟರ್ ಎಂದು ಇಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ ಅರ್ಧ ಕಿಲೋಮೀಟರ್. ಮನೆಯ ಬಾಗಿಲಿನಿಂದ ಆ ಅರ್ಧ ಕಿಲೋಮೀಟರಿನೊಳಗೆ ಏನೇನಿದೆ ಎಂಬುದೇ ನೀವು ಕೊಳ್ಳುತ್ತಿರುವ ನಿಜವಾದ ಆಸ್ತಿ. ಗೋಡೆಯನ್ನು ಒಡೆದು ಕಟ್ಟಬಹುದು, ಸುತ್ತಲಿನ ಓಣಿಯನ್ನು ನೀವು ಕಟ್ಟಲಾರಿರಿ.

ನಾನು ಮೊದಲು ಹುಡುಕುವುದು ಹಿಟ್ಟಿನ ಗಿರಣಿಯನ್ನು. ನಗಬೇಡಿ. ನಮ್ಮ ಕಡೆ ಜೋಳದ ಹಿಟ್ಟು ಬೀಸಿಸಿ ಹೆಚ್ಚು ದಿನ ಇಡುವಂತಿಲ್ಲ. ಹಳತಾದರೆ ರೊಟ್ಟಿ ಬಡಿಯುವಾಗ ಅಂಚು ಹರಿಯುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಐದಾರು ಕಿಲೋ ಜೋಳ ಹೊತ್ತು ಹೋಗಬೇಕು, ಬಿಸಿ ಹಿಟ್ಟು ಹೊತ್ತು ಬರಬೇಕು. ಗಿರಣಿ ನಡೆಯುತ್ತಿರುವ ಓಣಿಯೆಂದರೆ ಸಂಸಾರಗಳು ತುಂಬಿರುವ ಓಣಿ. ಅದರ ಅಕ್ಕಪಕ್ಕ ಕಿರಾಣಿ, ತರಕಾರಿ ಗಾಡಿ, ಔಷಧದ ಅಂಗಡಿ ಇದ್ದೇ ಇರುತ್ತವೆ. ಜಯನಗರದ ಮನೆಯಿಂದ ಗಿರಣಿಗೆ, ಭಾರ ಹೊತ್ತವರಂತೆ ನಿಧಾನವಾಗಿ, ಮನೆಯವರನ್ನೂ ಕರೆದುಕೊಂಡು ನಡೆಯಿರಿ. ಅವರ ಅಭಿಪ್ರಾಯಕ್ಕೆ ನಿಮ್ಮದಕ್ಕಿಂತ ಹೆಚ್ಚು ತೂಕ ಕೊಡಿ; ದಿನಕ್ಕೆ ಹೆಚ್ಚು ಸಲ ಓಡಾಡುವವರು ಅವರೇ.

ನಡೆಯುವಾಗ ತಲೆಯೆತ್ತುವ ಮೊದಲು ನೆಲ ನೋಡಿ. ಕಾಲುದಾರಿಯಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ತೆರವಾದ ಅಗಲ ಇರಬೇಕು, ಅದರ ಅಂಚು ರಸ್ತೆಗಿಂತ 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು ಎನ್ನುತ್ತದೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡ. ನಮ್ಮೂರಿನಲ್ಲಿ ಕಾಲುದಾರಿ ಎಂದರೆ ಬಹುಪಾಲು ಚರಂಡಿಯ ಮೇಲೆ ಹೊದಿಸಿದ ಶಹಾಬಾದ್ ಕಲ್ಲು. ಒಂದು ಕಲ್ಲು ಕಾಲಿಟ್ಟರೆ ಅಲ್ಲಾಡುತ್ತದೆ, ಪಕ್ಕದ್ದು ಎರಡು ಬೆರಳು ಎದ್ದು ನಿಂತಿರುತ್ತದೆ, ಅದರಾಚೆಯದು ಚರಂಡಿ ತೆಗೆಯಲು ಎತ್ತಿದ್ದು ಮರಳಿ ಕೂತೇ ಇರುವುದಿಲ್ಲ. ಅದೂ ಸಾಲದೆಂಬಂತೆ, ಕಾರು ಒಳಗೆ ಹೋಗಲೆಂದು ಪ್ರತಿ ಮನೆಯವರೂ ಗೇಟಿನಿಂದ ರಸ್ತೆಯವರೆಗೆ ಇಳಿಜಾರು ಹಾಕಿಕೊಂಡಿರುತ್ತಾರೆ. ನಡೆಯುವವನು ಹತ್ತು ಹೆಜ್ಜೆಗೊಮ್ಮೆ ಏರಿ ಇಳಿಯಬೇಕು, ಇಲ್ಲವೇ ವಾಹನಗಳ ನಡುವೆ ರಸ್ತೆಗಿಳಿಯಬೇಕು. ನಿಮ್ಮ ಮೊಣಕಾಲಿಗೆ ಈ ಏರಿಳಿತ ಬೇಡ. ಕಾಲುದಾರಿ ಇದೆ ಎಂದು ಹೇಳಿಕೊಳ್ಳುವ ಮುಖ್ಯರಸ್ತೆಗಿಂತ, ಕಾಲುದಾರಿಯೇ ಇಲ್ಲದ ಆದರೆ ವಾಹನ ಕಡಿಮೆ ಇರುವ ಒಳರಸ್ತೆ ನಿಮಗೆ ಮೇಲು. ಅಂಗಡಿಗಳಿಗೆ ಅಂಥ ಒಳರಸ್ತೆಗಳಲ್ಲೇ ಹೋಗಿ ಬರಲು ಆಗುತ್ತದೆಯೇ ನೋಡಿ.

ಸಂಜೆ ಕತ್ತಲಾದ ಮೇಲೆ ಒಮ್ಮೆ ಹೋಗಿ. ಬೀದಿದೀಪ ಎಷ್ಟು ಉರಿಯುತ್ತವೆ, ನಾಯಿಗಳ ಕಾಟ ಎಷ್ಟಿದೆ, ಮನೆಗಳ ಮುಂದಿನ ಕಟ್ಟೆಯ ಮೇಲೆ ಜನ ಕೂತಿದ್ದಾರೆಯೇ? ಕಟ್ಟೆ ಇರುವ ಓಣಿಯಲ್ಲಿ ಹೆಣ್ಣುಮಕ್ಕಳು ಒಂಬತ್ತು ಗಂಟೆಗೂ ನಿರ್ಭಯವಾಗಿ ಓಡಾಡುತ್ತಾರೆ. ಆಳೆತ್ತರದ ಕಾಂಪೌಂಡುಗಳ ನಡುವಿನ ರಸ್ತೆಯಲ್ಲಿ ಏಳಕ್ಕೇ ಬಿರುಸು ಹೆಜ್ಜೆ ಹಾಕುತ್ತಾರೆ.

ಆದರೆ ಕಲಬುರಗಿಯಲ್ಲಿ ನಡಿಗೆಯ ಹಣೆಬರಹ ಬರೆಯುವುದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಸರಿದುಕೊಳ್ಳುತ್ತವೆ. ಆಗ ಅರ್ಧ ಕಿಲೋಮೀಟರ್ ಎಂಬುದು ನೆರಳಿದ್ದರೆ ಅರ್ಧ, ಇಲ್ಲದಿದ್ದರೆ ಎರಡು. ಇದನ್ನು ಜನ ಮನೆ ನೋಡುವಾಗ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಏಕೆಂದರೆ ಮನೆ ನೋಡಲು ಹೋಗುವುದು ದೀಪಾವಳಿಯ ನಂತರ, ತಂಪು ಹೊತ್ತಿನಲ್ಲಿ.

ನೆರಳಿನ ಲೆಕ್ಕ ಸರಳ. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶ ದಾಟಿ. ಮೇ 10ರ ಆಸುಪಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆ ಹೊತ್ತಿನಲ್ಲಿ ಮರವೊಂದೇ ಗತಿ. ಬೆಳಿಗ್ಗೆ, ಸಂಜೆ ಮಾತ್ರ ರಸ್ತೆಯ ದಿಕ್ಕು ಕೆಲಸಕ್ಕೆ ಬರುತ್ತದೆ. ಉತ್ತರ–ದಕ್ಷಿಣವಾಗಿ ಹಾದ ರಸ್ತೆಯಾದರೆ ಬೆಳಿಗ್ಗೆ ಪೂರ್ವದ ಸಾಲಿನ ಮನೆಗಳು, ಸಂಜೆ ಪಶ್ಚಿಮದ ಸಾಲಿನ ಮನೆಗಳು ರಸ್ತೆಗೆ ನೆರಳು ಚೆಲ್ಲುತ್ತವೆ. ಒಂದು ಬದಿ ಹಿಡಿದು ನಡೆಯಬಹುದು. ಪೂರ್ವ–ಪಶ್ಚಿಮದ ರಸ್ತೆಯಲ್ಲಿ ಬೇಸಿಗೆಯಲ್ಲಿ ಸೂರ್ಯ ರಸ್ತೆಯುದ್ದಕ್ಕೂ ನಿಮ್ಮ ಮುಖಕ್ಕೋ ಬೆನ್ನಿಗೋ ಇರುತ್ತಾನೆ. ವಾಸ್ತು ನೋಡುವವರು ಬಾಗಿಲಿನ ದಿಕ್ಕನ್ನು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಅವರೊಂದಿಗೆ ನನಗೆ ಜಗಳವಿಲ್ಲ. ಅಂಗಡಿಗೆ ಹೋಗುವ ರಸ್ತೆಯ ದಿಕ್ಕನ್ನೂ ಅಷ್ಟೇ ಆಸ್ಥೆಯಿಂದ ನೋಡಿದ್ದರೆ ಚೆನ್ನಾಗಿತ್ತು. ದಾರಿಯಲ್ಲಿ ಬೇವಿನ ಮರ, ಹೊಂಗೆ ಮರ ಎಲ್ಲೆಲ್ಲಿವೆ ಎಂದು ಗುರುತು ಮಾಡಿಕೊಳ್ಳಿ. ಎರಡು ಮರಗಳ ನಡುವೆ ಬೋಳು ರಸ್ತೆ ನೂರು ಮೀಟರ್ ಮೀರಿದರೆ ಬೇಸಿಗೆಯಲ್ಲಿ ಆ ದಾರಿ ನಿಮಗೆ ಮುಚ್ಚಿದಂತೆಯೇ.

ಈ ವಿಷಯದಲ್ಲಿ ಬ್ರಹ್ಮಪುರದ ಮನೆಗೆ ಪೂರ್ಣ ಅಂಕ. ಹಳೆಯ ಓಣಿಗಳು ಕಿರಿದಾಗಿರುವುದರಿಂದ ಒಂದು ಮನೆಯ ಗೋಡೆ ಎದುರು ಮನೆಗೆ ನೆರಳಾಗುತ್ತದೆ. ಕಲ್ಲಿನ ದಪ್ಪ ಗೋಡೆ ಮಧ್ಯಾಹ್ನದ ಕಾವನ್ನು ಒಳಗೆ ಬಿಡಲು ತಡಮಾಡುತ್ತದೆ. ಪೇಟೆ ಹತ್ತಿರ, ಶರಣಬಸವೇಶ್ವರ ಗುಡಿಗೆ ನಡೆದೇ ಹೋಗಬಹುದು. ನಡೆಯುವವರಿಗಾಗಿಯೇ ಬೆಳೆದ ಭಾಗ ಅದು; ಆಗ ಬೇರೆ ಉಪಾಯವೂ ಇರಲಿಲ್ಲವೆನ್ನಿ. ಹಾಗಿದ್ದೂ ನಾನು ಹಿಂಜರಿಯುವುದೇಕೆ? ಮೊದಲನೆಯದು ಆಂಬುಲೆನ್ಸ್. ಮನೆಯ ಬಾಗಿಲಿಗೆ ಅದು ಬರದಿದ್ದರೂ, ಎಷ್ಟು ಹತ್ತಿರ ಬರುತ್ತದೆ ಎಂದು ನೋಡಲೇಬೇಕು. ಎರಡನೆಯದು ಮೇಲ್ಛಾವಣಿ: ಕಟ್ಟಿಗೆಯ ತೊಲೆಯ ಮೇಲೆ ಮಣ್ಣು ಹಾಕಿದ ಮಾಳಿಗೆಯಾದರೆ ಪ್ರತಿ ಮಳೆಗಾಲಕ್ಕೂ ಮೈಮರೆಯುವಂತಿಲ್ಲ, ತೊಲೆ ಗೆದ್ದಲು ಹಿಡಿದಿದ್ದರೆ ಖರ್ಚು ಎಲ್ಲಿಗೆ ನಿಲ್ಲುತ್ತದೆ ಹೇಳಲಾಗದು. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಕಾಗದಪತ್ರ.

ನಮ್ಮ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಳೆಯ ಮನೆಗಳ ಮೂಲ ದಾಖಲೆಗಳು ಉರ್ದುವಿನಲ್ಲಿರುವುದು ಸಾಮಾನ್ಯ. ಮಾರುವವರು ಕೊಡುವ ಕನ್ನಡ ಸಾರಾಂಶವನ್ನು ನಂಬದೆ, ಅನುಭವವಿರುವ ವಕೀಲರಿಂದ ಪೂರ್ತಿ ಅನುವಾದ ಮಾಡಿಸಿ, ಚೆಕ್ಕುಬಂದಿ, ಅಂದರೆ ನಾಲ್ಕು ಕಡೆಯ ಗಡಿ, ಈಗಿನ ಜಾಗಕ್ಕೆ ತಾಳೆಯಾಗುತ್ತದೆಯೇ ನೋಡಿ. ಪಕ್ಕದ ಮನೆಯೊಂದಿಗೆ ಗೋಡೆ ಜಂಟಿಯೇ, ಬಾವಿ ಅಥವಾ ದಾರಿಯ ಹಕ್ಕು ಯಾರಿಗಿದೆ ಎಂಬುದೆಲ್ಲ ಅಲ್ಲೇ ಇರುತ್ತದೆ. ಆಮೇಲೆ ವಾರಸುದಾರರು. ಮೂರು ತಲೆಮಾರಿನ ಮನೆಯಾದರೆ ಹೆಣ್ಣುಮಕ್ಕಳ ಪಾಲನ್ನು ಮರೆತು ಮಾಡಿದ ವ್ಯವಹಾರಗಳು ಒಂದೆರಡಲ್ಲ. 2005ರ ತಿದ್ದುಪಡಿಯ ಬಳಿಕ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಸೋಲಾಪುರಕ್ಕೋ ಹೈದರಾಬಾದಿಗೋ ಮದುವೆಯಾಗಿ ಹೋದ ಅಕ್ಕತಂಗಿಯರೂ ಖರೀದಿ ಪತ್ರಕ್ಕೆ ಸಹಿ ಹಾಕಲಿ. ‘ಅವರದೇನೂ ತಕರಾರಿಲ್ಲ, ಬಾಯಿಮಾತಿನಲ್ಲಿ ಒಪ್ಪಿದ್ದಾರೆ’ ಎಂದರೆ ಎದ್ದು ಬನ್ನಿ. ಓಣಿಯ ರಸ್ತೆ ಅಗಲೀಕರಣದ ಪಟ್ಟಿಯಲ್ಲಿದೆಯೇ, ನಗರದ ಮಹಾಯೋಜನೆಯಲ್ಲಿ ಆ ರಸ್ತೆಗೆ ಎಷ್ಟು ಅಗಲ ಗುರುತಿಸಿದ್ದಾರೆ ಎಂದೂ ಪ್ರಾಧಿಕಾರದಲ್ಲಿ ವಿಚಾರಿಸಿ. ಮುಂದಿನ ಕೋಣೆಯೇ ಹೋಗುವ ಮನೆಗೆ ಪೂರ್ತಿ ಬೆಲೆ ಕೊಡಬಾರದು.

ಇನ್ನು ಜಯನಗರದ ಮನೆ, ಅದರ ಬಿರುಕು. ನಮ್ಮ ಜಿಲ್ಲೆಯ ಎರೆಮಣ್ಣು ತೊಗರಿಗೆ ವರ, ಅಡಿಪಾಯಕ್ಕೆ ಶಾಪ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹಿಡಿಸುವಷ್ಟು ಬಿರಿಯುತ್ತದೆ. ಅದರೊಂದಿಗೆ ಮನೆಯೂ ವರ್ಷಕ್ಕೊಮ್ಮೆ ಉಸಿರಾಡುತ್ತದೆ. ಅಡಿಪಾಯವನ್ನು ಎರೆ ದಾಟಿಸಿ ಗಟ್ಟಿ ಮುರುಮಿನವರೆಗೆ ಇಳಿಸಿದ್ದರೆ, ಅಥವಾ ತಳದಲ್ಲಿ ಉಬ್ಬಿರುವ ಪೈಲ್‌ಗಳ (ನೆಲದಾಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬಗಳ) ಮೇಲೆ ಬೀಮ್ ಹಾಕಿ ಕಟ್ಟಿದ್ದರೆ ತೊಂದರೆಯಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ನಾಲ್ಕಡಿ ಅಗೆದು ಕಲ್ಲು ಕಟ್ಟಿ ಎಬ್ಬಿಸಿದ ಮನೆಗಳೂ ಬಹಳ ಇವೆ.

ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಕೂದಲೆಳೆಯಂತೆ ಗಿಲಾವಿನ ಮೇಲೆ ಜಾಲ ಹೆಣೆದಿದ್ದರೆ ಅದು ಗಿಲಾವಿನದಷ್ಟೇ. ಕಿಟಕಿ ಅಥವಾ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟು, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತಿದ್ದರೆ ಅದು ಗೋಡೆಯದು. ಐದು ರೂಪಾಯಿ ನಾಣ್ಯದ ಅಂಚು ಒಳಗೆ ಹೋಗುವಷ್ಟು ಅಗಲವಿದ್ದರೆ ಎಂಜಿನಿಯರ್ ನೋಡದೆ ಮುಂದಕ್ಕೆ ಹೋಗಬೇಡಿ. ಮುಖ್ಯ ಪ್ರಶ್ನೆ ಬಿರುಕು ಇದೆಯೇ ಎಂಬುದಲ್ಲ, ಇನ್ನೂ ಬೆಳೆಯುತ್ತಿದೆಯೇ ಎಂಬುದು. ಮಾಲೀಕರ ಒಪ್ಪಿಗೆ ಪಡೆದು ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡು ತುದಿಯಲ್ಲಿ ಸಿಮೆಂಟಿನಿಂದ ಕೂಡಿಸಿ, ಬಿರುಕಿನ ಕೊನೆಗೆ ಪೆನ್ಸಿಲ್‌ನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಬೇಸಿಗೆಯ ಕೊನೆಯಲ್ಲಿ ಒಮ್ಮೆ, ನಾಲ್ಕು ಮಳೆ ಬಿದ್ದ ಮೇಲೆ ಒಮ್ಮೆ ನೋಡಿದರೆ ಉತ್ತರ ಸಿಗುತ್ತದೆ. ಅಷ್ಟು ಕಾಯಲು ಮಾಲೀಕರು ಒಪ್ಪದಿದ್ದರೆ ಬೆಲೆಯಲ್ಲಿ ಇಳಿಯಲಿ. ಮನೆ ನೋಡಲು ಹೋದಾಗ ಬಿರುಕಿನ ಗೋಡೆಗೆ ಮಾತ್ರ ಹೊಸ ಬಣ್ಣ ಬಂದಿದ್ದರೆ ನನಗಂತೂ ಅದೇ ಉತ್ತರ.

ಕಾರಣ ಎಷ್ಟೋ ಸಲ ಸಣ್ಣದಿರುತ್ತದೆ. ಬಚ್ಚಲಿನ ಕೊಳವೆ ಸೋರಿ ಒಂದೇ ಮೂಲೆಗೆ ನೀರು ಇಳಿಯುತ್ತಿರಬಹುದು, ಇಂಗುಗುಂಡಿ ಗೋಡೆಗೆ ಅಂಟಿಕೊಂಡಿರಬಹುದು, ಮಾಳಿಗೆಯ ಮಳೆನೀರು ತಳಪಾಯದ ಪಕ್ಕದಲ್ಲೇ ಬೀಳುತ್ತಿರಬಹುದು. ಅವನ್ನು ಸರಿಪಡಿಸಿ, ಮನೆಯ ಸುತ್ತ ಒಂದೂವರೆ ಮೀಟರ್ ಅಗಲಕ್ಕೆ ಹೊರಗೆ ಓರೆ ಕೊಟ್ಟು ಫರಸಿ ಹಾಸಿ ಸಂದು ಮುಚ್ಚಿದರೆ ಮಣ್ಣಿನ ತೇವ ಒಂದೇ ಹದದಲ್ಲಿ ನಿಲ್ಲುತ್ತದೆ. ಅಡಿಪಾಯವನ್ನೇ ಮುಟ್ಟಬೇಕೆಂದು ಎಂಜಿನಿಯರ್ ಹೇಳಿದರೆ ಮಾತ್ರ ಬಿಟ್ಟುಬಿಡಿ. ಈ ವಯಸ್ಸಿನಲ್ಲಿ ಆ ಧೂಳು, ಆ ಖರ್ಚು ಬೇಡ.

ನೀರಿನ ವಿಚಾರವನ್ನು ಮಾಲೀಕರಿಗೆ ಕೇಳದೆ ಪಕ್ಕದ ಮನೆಯವರಿಗೆ ಕೇಳಿ. ಹುಬ್ಬಳ್ಳಿ–ಧಾರವಾಡ, ಬೆಳಗಾವಿಯ ಜೊತೆ ಕಲಬುರಗಿಯ ಕೆಲವು ವಾರ್ಡ್‌ಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಮೊದಲೇ ನಡೆದಿತ್ತು. ದಿನ ಬಿಟ್ಟು ದಿನವೂ ನಲ್ಲಿ ಬಾರದ ಬಡಾವಣೆಗಳೂ ಇದೇ ಊರಿನಲ್ಲಿವೆ. ನಲ್ಲಿ ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ, ಬೋರ್‌ವೆಲ್ ಮೇ ತಿಂಗಳಲ್ಲಿ ಎಳೆಯುತ್ತದೆಯೇ, ನೆಲದೊಳಗಿನ ತೊಟ್ಟಿ ಎಷ್ಟು ದೊಡ್ಡದು ಎಂಬ ನಾಲ್ಕು ಪ್ರಶ್ನೆ ಸಾಕು.

ಕಾಗದದ ವಿಷಯಕ್ಕೆ ಬಂದರೆ, ಪಾಲಿಕೆಯ ಇ-ಖಾತಾ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಎ-ಖಾತಾ ಇದೆಯೇ ನೋಡಿ. ಬಿ-ಖಾತಾ ಎಂದರೆ ತೆರಿಗೆ ಕಟ್ಟಿಸಿಕೊಳ್ಳಲು ಆಸ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂದಷ್ಟೇ, ಬಡಾವಣೆ ಸಕ್ರಮ ಎಂದಲ್ಲ. ಜಮೀನಿನ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಅನುಮೋದಿತ ಲೇಔಟ್ ನಕ್ಷೆ, ಕಟ್ಟಡದ ಪರವಾನಗಿ ಕೇಳಿ ಪಡೆಯಿರಿ. ಋಣಭಾರ ಪ್ರಮಾಣಪತ್ರ ಮೂವತ್ತು ವರ್ಷದ್ದು ಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದ ಈಚಿನದು ಸಿಗುತ್ತದೆ, ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ತೆಗೆಸಬೇಕು. ಯಾರಾದರೂ ಪರಿಶಿಷ್ಟರಿಗೆ ಮಂಜೂರಾಗಿದ್ದ ಜಮೀನಿನಲ್ಲಿ ಮಾಡಿದ ಲೇಔಟ್ ತೋರಿಸಿದರೆ, 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇತ್ತೇ ಎಂದು ಮೊದಲು ಕೇಳಿ. ಊರ ಹೊರಗಿನ ಪಂಚಾಯಿತಿ ಜಾಗಕ್ಕೆ ನಮೂನೆ 11ಬಿ (ಅನುಮೋದನೆಯಿಲ್ಲದ ಆಸ್ತಿಗೆ ಪಂಚಾಯಿತಿ ಕೊಡುವ ದಾಖಲೆ) ಮಾತ್ರ ಇದ್ದರೆ ದೂರವಿರಿ.

58 ಲಕ್ಷ ಎಂದರೆ 58ಕ್ಕೇ ಮುಗಿಯುವುದಿಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2. ಒಟ್ಟು ಶೇ 7.6. ನಿಮ್ಮ ಮನೆಗೆ ಸುಮಾರು 4.4 ಲಕ್ಷ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ಆದಾಯ ತೆರಿಗೆಯನ್ನು ಮಾರುವವರ ಹಣದಲ್ಲಿ ಕಡಿದು ನೀವೇ ಕಟ್ಟಬೇಕು. ಮರೆತರೆ ನೋಟಿಸ್ ಬರುವುದು ನಿಮಗೆ. ರಿಪೇರಿ, ನೀರಿನ ತೊಟ್ಟಿ, ಬಚ್ಚಲಿನಲ್ಲಿ ಹಿಡಿದು ಏಳಲು ಕಂಬಿ, ಹೊಸ್ತಿಲು ತೆಗೆಸುವುದು ಇವಕ್ಕೂ ಬೇರೆ ಇಟ್ಟಿರಿ.

ಫ್ಲ್ಯಾಟ್ ಬಗ್ಗೆ ನೀವು ಕೇಳಿಲ್ಲ, ಮಗಳು ಕೇಳುತ್ತಾಳೆ. ಒಳರಸ್ತೆಗೆ ಗೇಟಿರುವ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರುವ, ಲಿಫ್ಟಿಗೆ ಜನರೇಟರ್ ಇರುವ ಕಟ್ಟಡದ ಒಂದನೆಯ ಮಹಡಿಯಾದರೆ ನೋಡಬಹುದು. ಕೊನೆಯ ಮಹಡಿ ಪುಕ್ಕಟೆ ಕೊಟ್ಟರೂ ಮೇ ತಿಂಗಳಲ್ಲಿ ಇರಲಾಗದು.

ಆಸ್ಪತ್ರೆಯನ್ನು ಮಾತ್ರ ನಡಿಗೆಯ ಅಳತೆಯಲ್ಲಿ ಇಡಬೇಡಿ. ಕುಟುಂಬ ವೈದ್ಯರ ಕ್ಲಿನಿಕ್ ಹತ್ತಿರವಿರಲಿ, ಸಾಕು. ಸೇಡಂ ರಸ್ತೆಯ ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಇಎಸ್‌ಐ ಆಸ್ಪತ್ರೆ ಕಡೆಗೆ ಆಟೊದಲ್ಲಿ ಹೋಗುವುದೇ. ರೈಲೂ ಹಾಗೆಯೇ; ವಂದೇ ಭಾರತ್‌ನಲ್ಲಿ ಮಗಳ ಊರಿಗೆ ಹೋಗುವುದು ದಿನನಿತ್ಯದ ಮಾತಲ್ಲ. ಮನೆಯ ಹತ್ತಿರ ನಗರ ಸಾರಿಗೆ ಬಸ್ಸಿನ ನಿಲುಗಡೆಯೋ ಟಂಟಂ (ಹಂಚಿಕೊಂಡು ಹೋಗುವ ಆಟೊ) ನಿಲ್ಲುವ ಜಾಗವೋ ಇದ್ದರೆ ಮನೆಯವರು ಒಬ್ಬರೇ ಪೇಟೆಗೆ ಹೋಗಿ ಬರಬಹುದು. ಶಕ್ತಿ ಯೋಜನೆಯಿಂದ ಅವರಿಗೆ ಬಸ್ಸಿನ ಖರ್ಚೂ ಇಲ್ಲ.

ಶಹಾಪುರದ ಮನೆಯನ್ನು ಈಗ ಮಾರಬೇಡಿ. ಅದನ್ನು ಬಾಡಿಗೆಗೆ ಕೊಟ್ಟು, ಜಯನಗರದ ಅದೇ ಓಣಿಗಳಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬಾಡಿಗೆ ಮನೆ ಹಿಡಿಯಿರಿ. ಬಿಸಿಲು, ನಲ್ಲಿ, ಮಳೆಗಾಲದ ರಸ್ತೆ, ನೆರೆಹೊರೆ ಎಲ್ಲ ಅಷ್ಟರಲ್ಲಿ ಗೊತ್ತಾಗುತ್ತದೆ, ಗಾಜಿನ ಪಟ್ಟಿಯ ತೀರ್ಪೂ ಬಂದಿರುತ್ತದೆ. ಆ ಹೊತ್ತಿಗೆ ಮನೆ ಬೇರೆಯವರ ಪಾಲಾದರೆ ಆಗಲಿ. ಓಣಿಯಲ್ಲೇ ಇರುವವರಿಗೆ ಮುಂದಿನ ಮನೆಯ ಸುದ್ದಿ ದಲ್ಲಾಳಿಗಿಂತ ಮೊದಲೇ ಬರುತ್ತದೆ. ನಿಜವಾಗಿ ಕೊಳ್ಳುವ ಹಂತ ಬಂದಾಗ, ಖರೀದಿಯ ಕರಾರನ್ನು ನೋಂದಣಿ ಮಾಡಿಸಿಕೊಂಡ ಮೇಲೆಯೇ ಶಹಾಪುರದ ಮನೆಗೆ ಗಿರಾಕಿ ಹುಡುಕಿ. ಮಗಳು ಸಾಲ ತೆಗೆಯುತ್ತೇನೆಂದರೆ ಹೆಸರು ಜಂಟಿಯಾಗಿರಲಿ, ಆದರೆ ಮೊದಲ ಹೆಸರು ಮನೆಯವರದಿರಲಿ.